ಹಿರಿಯರಿಗೆ ಬಿಟ್ಟ ನಾಲ್ಕು ಹನಿ

ಇಡ್ಲಿ ಹಿಟ್ಟಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮೇ ತಿಂಗಳ ಸೆಕೆಯಲ್ಲಿ ಲೋಕಲ್ ರೈಲಿನಲ್ಲಿ ಕೂರುವವನಿಗೆ ಬುದ್ಧಿ ನೆಟ್ಟಗಿಲ್ಲ ಎಂದೇ ಜನ ಹೇಳುತ್ತಾರೆ. ದೂಜ ಪೂಜಾರಿಯ ಬುದ್ಧಿ ನೆಟ್ಟಗೇ ಇತ್ತು. ಕೆಟ್ಟದ್ದು ಮೂಗು. ಆ ಸಂಗತಿ ಅವನೊಬ್ಬನಿಗೇ ಗೊತ್ತು. ಹೆಂಡತಿ ಸೇವಂತಿಗೂ ಹೇಳಿರಲಿಲ್ಲ.

ಶನಿವಾರ ಬೆಳಗ್ಗೆ ಆಂಟಾಪ್ ಹಿಲ್ಲಿನ ಮನೆ ಬಿಟ್ಟು, ವಡಾಲಾದಲ್ಲಿ ಗಾಡಿ ಹಿಡಿದು, ಅಂಧೇರಿಯಲ್ಲಿ ಇಳಿದು ಬೊರಿವಲಿಯ ಗಾಡಿ ಹತ್ತುವಷ್ಟರಲ್ಲಿ ಡಬ್ಬದ ಬಾಯಿಗೆ ಕಟ್ಟಿದ್ದ ಬಟ್ಟೆ ಉಬ್ಬಿ ನಿಂತಿತ್ತು. ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಬಿಗಿಯಬಾರದು, ಬಟ್ಟೆ ಕಟ್ಟಬೇಕು. ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಎಲ್ಲ ಸರಿಯಾಗಿಯೇ ಮಾಡಿದ್ದ. ಉಬ್ಬಿದೆ ಎಂದರೆ ಹುದುಗಿದೆ. ಆದರೆ ಹದವಾಗಿದೆಯೋ, ಹುಳಿಯೇರಿ ಕೈಮೀರಿದೆಯೋ? ಅವನು ಬಗ್ಗಿ ಬಟ್ಟೆಗೆ ಕಿವಿಯಿಟ್ಟ. ಗಾಡಿಯ ಗಡಗಡದಲ್ಲಿ ಏನೂ ಕೇಳಲಿಲ್ಲ. ಎದುರಿಗೆ ಕುಳಿತಿದ್ದವನು ಇವನನ್ನೂ ಡಬ್ಬವನ್ನೂ ನೋಡಿ ತನ್ನ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡ.

ದೂಜನ ತಂದೆ ಕಾಪುವಿನ ಹತ್ತಿರ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಮಡಕೆ ಮೂಸಿ ಇದು ಇವತ್ತಿನದ್ದು, ಇದು ನಿನ್ನೆಯದ್ದು ಎಂದು ಹೇಳುವುದು ಹುಡುಗ ದೂಜ ಕಲಿತ ಮೊದಲ ವಿದ್ಯೆ. ಶಾಲೆಯ ವಿದ್ಯೆ ಅವನಿಗೆ ಹತ್ತಲಿಲ್ಲ. ಆ ಮೂಗನ್ನೇ ಬಂಡವಾಳ ಮಾಡಿಕೊಂಡು ಮುಂಬಯಿಗೆ ಬಂದವನು ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಹಿಟ್ಟು ನೋಡಿಕೊಂಡ. ಧನಿಗಳು ಮೂರು ಸಲ ಬದಲಾದರು, ಹಿಟ್ಟಿನ ದೂಜಣ್ಣ ಬದಲಾಗಲಿಲ್ಲ. ಬೆಳಗ್ಗೆ ಪಾತ್ರೆಯ ಮೇಲೆ ಒಮ್ಮೆ ಮುಖ ಬಗ್ಗಿಸಿದರೆ ಸಾಕು, ಯಾವುದು ಇಡ್ಲಿಗೆ, ಯಾವುದು ದೋಸೆಗೆ, ಯಾವುದು ಮೋರಿಗೆ ಎಂದು ತೀರ್ಪು ಕೊಡುತ್ತಿದ್ದ.

ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಕಾಯಿಲೆಯ ವರ್ಷ ಅವನಿಗೂ ಜ್ವರ ಬಂತು. ಜ್ವರ ಹೋಯಿತು, ಮೂಗನ್ನೂ ಕೊಂಡುಹೋಯಿತು. ನಾಲಿಗೆಯಲ್ಲಿ ಉಪ್ಪು, ಖಾರ ತಿಳಿಯುವಷ್ಟು ಮಾತ್ರ ಉಳಿಯಿತು. ವಾರದಲ್ಲಿ ಸರಿಯಾಗುತ್ತದೆ ಎಂದರು ಡಾಕ್ಟರು. ವಾರಗಳು ಹೋಗಿ ವರ್ಷಗಳಾದವು. ಹೇಳಿದರೆ ತಟ್ಟೆ ತೊಳೆಯಲು ಹಾಕುತ್ತಾರೆಂದು ಹೆದರಿ ದೂಜ ಬಾಯಿ ಬಿಡಲಿಲ್ಲ. ಪಾತ್ರೆಗೆ ಕಿವಿಯಿಟ್ಟು ಗುಳ್ಳೆ ಒಡೆಯುವ ಸದ್ದು ಕೇಳುವುದನ್ನು ಕಲಿತ. ಹುಳಿಯಾದ ಎರಡು ದಿನ ಹೊಸ ಅಕ್ಕಿಯ ಮೇಲೆ ತಪ್ಪು ಹೊರಿಸಿದ. ಮಗಳು ಮಲ್ಲಿಗೆ ತಂದರೆ, ಎಂಥ ಪರಿಮಳ, ಎಂದ.

ಆರು ತಿಂಗಳ ಹಿಂದೆ ಹೋಟೆಲಿದ್ದ ಬಿಲ್ಡಿಂಗನ್ನೇ ಒಡೆದು ಹಾಕಿದರು. ಅರವತ್ತೊಂದರ ಮುದುಕನನ್ನು ಬೇರೆ ಯಾವ ಅಡುಗೆಮನೆಯೂ ಒಳಗೆ ಬಿಡಲಿಲ್ಲ. ಆಗ ದಾರಿ ತೋರಿಸಿದವಳು ಮಗಳು ಯಕ್ಷಿತಾ. ಗೋರಾಯಿಯಲ್ಲಿ ಹಿಲ್ಡಾಬಾಯಿ ಎಂಬ ಹಿರಿಯಾಕೆಯ ಮನೆಯವರು ತಾವೇ ವೈನ್ ಮಾಡುತ್ತಾರೆ. ಹಳೆಯ ಹೆಂಚಿನ ಮನೆಯ ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ. ಆ ಕೋಣೆಗಳ ಉಸ್ತುವಾರಿ ಯಕ್ಷಿತಾಳದ್ದು. ಬೆಳಗಿನ ತಿಂಡಿ ಮಾಡಲು ಜನ ಬೇಕಾಗಿತ್ತು. ಅಪ್ಪನ ಕೈ ಎಂಥದ್ದು, ಮೂಗು ಎಂಥದ್ದು ಎಂದು ಅವಳು ಹೊಗಳಿದ್ದೇ ಹೊಗಳಿದ್ದು. ಇವತ್ತು ಮನೆಯವರು ಇಡ್ಲಿ ತಿಂದು ನೋಡುತ್ತಾರೆ, ಮೆಚ್ಚಿದರೆ ಕೆಲಸ. ಇಲ್ಲವಾದರೆ ದೂಜ ಇನ್ನು ಉಳಿದ ಆಯುಷ್ಯವೆಲ್ಲ ಕಿಟಕಿಯ ಹತ್ತಿರ ಕುಳಿತು ಸೇವಂತಿಯ ಟಿವಿ ನೋಡಬೇಕು.

ಬೋಟಿನಲ್ಲಿ ಖಾಡಿಯ ಹಿನ್ನೀರು ದಾಟಿ, ರಿಕ್ಷಾದಲ್ಲಿ ಕುಲುಕಿಸಿಕೊಂಡು ತಲುಪಿದಾಗ ಹಿಟ್ಟು ಬಟ್ಟೆಯನ್ನು ಒದ್ದೆ ಮಾಡಿತ್ತು. ಯಕ್ಷಿತಾ ಗೇಟಿನಲ್ಲೇ ಕಾದಿದ್ದಳು.

"ಪಪ್ಪ, ಟೆನ್ಷನ್ ಬೇಡ. ಹಿಲ್ಡಾಬಾಯಿ ಒಳ್ಳೆಯವರು. ಮೊದಲು ಕೆಳಗೆ ವೈನ್ ತೋರಿಸ್ತಾರಂತೆ."

"ವೈನ್ ನನಗೆಂತಕ್ಕೆ? ಅಡುಗೆಮನೆ ಎಲ್ಲಿ ಉಂಟು ಹೇಳು."

"ಐದು ಮಿನಿಟ್ ಪಪ್ಪ. ನಾನು ನಿಮ್ಮ ಮೂಗಿನ ಬಗ್ಗೆ ಹೇಳಿದ್ದೆ ಅಲ್ವಾ, ಅದಕ್ಕೆ."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ದೂಜನಿಗೂ ಹಾಗೇ ಆಯಿತು. ಡಬ್ಬವನ್ನು ಜಗಲಿಯಲ್ಲಿಟ್ಟು ಮಗಳ ಹಿಂದೆ ನಡೆದ.

ನೆಲಮಾಳಿಗೆ ತಂಪಾಗಿತ್ತು. ಗೋಡೆಗುಂಟ ಮರದ ಪೀಪಾಯಿ, ಗಾಜಿನ ದೊಡ್ಡ ಜಾಡಿ. ತೊಳೆದ ಕಲ್ಲು ಹಾಸು ಹೊಳೆಯುತ್ತಿತ್ತು. ಎಪ್ಪತ್ತು ದಾಟಿದ ಹಿಲ್ಡಾಬಾಯಿ ಗೌನು ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದರು. ಮುಂದಿನ ಮೇಜಿನ ಮೇಲೆ ಎರಡು ಪೀಪಾಯಿಗಳಿಂದ ತೆಗೆದ ವೈನಿನ ಎರಡು ಗ್ಲಾಸು. ಆಕೆ ಹಿಂದಿಯಲ್ಲಿ ನೇರ ವಿಷಯಕ್ಕೇ ಬಂದರು.

"ನನ್ನ ಮಗ ಎರಡೂ ಚೆನ್ನಾಗಿದೆ ಅನ್ನುತ್ತಾನೆ. ನನಗೆ ಒಂದು ಪೀಪಾಯಿಯ ಮೇಲೆ ಸಂಶಯ, ವಿನೆಗರಿಗೆ ತಿರುಗುತ್ತಾ ಇದೆ ಅಂತ. ಆದರೆ ನನ್ನ ಮೂಗಿಗೂ ವಯಸ್ಸಾಯಿತು, ನಂಬಲಿಕ್ಕಾಗುವುದಿಲ್ಲ. ಸೋಮವಾರ ಬಾಟಲಿಗೆ ತುಂಬಬೇಕು, ಮದುವೆಮನೆಗೆ ಹೋಗುವ ಮಾಲು. ನೀವು ಕಳ್ಳಿನ ಮನೆಯವರಂತೆ. ಹೇಳಿ, ಯಾವುದು?"

ಯಕ್ಷಿತಾ ಅಪ್ಪನನ್ನೇ ನೋಡುತ್ತಿದ್ದಳು. ಮುಖದಲ್ಲಿ ಹೆಮ್ಮೆ. ದೂಜ ಎರಡೂ ಗ್ಲಾಸು ನೋಡಿದ. ಎರಡರಲ್ಲಿ ಒಂದು ತಾನೆ, ಬಲಗಡೆಯದ್ದು ಎಂದುಬಿಟ್ಟರೆ ಅರ್ಧ ಅದೃಷ್ಟ ತನ್ನ ಕಡೆಗೇ ಇದೆ. ತಪ್ಪಾದರೂ ಸೋಮವಾರದ ಮೇಲೆ ತಾನೆ ಗೊತ್ತಾಗುವುದು. ಅಷ್ಟರೊಳಗೆ ಇಡ್ಲಿ ತಿಂದು ಕೆಲಸ ಕೊಟ್ಟಿರುತ್ತಾರೆ.

ಬಲಗಡೆಯ ಗ್ಲಾಸು ಎತ್ತಿದ. ಎತ್ತಿದ ಕೈ ತನ್ನಷ್ಟಕ್ಕೆ ತಾನೇ ವಾಲಿತು. ನಾಲ್ಕು ಹನಿ ಕೆಂಪು ವೈನು ಆ ತೊಳೆದ ಕಲ್ಲಿನ ಮೇಲೆ ಬಿತ್ತು.

"ಪಪ್ಪ, ಕ್ಯಾ ಕರ್ ರಹೇ ಹೋ?" ಪಪ್ಪ ಇದೇನು ಮಾಡುತ್ತಿದ್ದಾರೆಂದು ಯಕ್ಷಿತಾಳಿಗೆ ನಾಚಿಕೆಯಾಯಿತು.

ಅವನು ಮಾಡಿದ್ದಲ್ಲ, ಕೈ ಮಾಡಿದ್ದು. ತಂದೆ ಮರದಿಂದ ಇಳಿದ ಕೂಡಲೇ ಮಡಕೆ ವಾಲಿಸಿ ನೆಲಕ್ಕೆ ನಾಲ್ಕು ಹನಿ ಬಿಡುತ್ತಿದ್ದರು, ಹೋದ ಹಿರಿಯರಿಗೆ. ಆಮೇಲೆಯೇ ಬೇರೆಯವರಿಗೆ. ಹಾಗೆ ಬಿಟ್ಟ ಮೇಲೆ ಕೊಳ್ಳುವವರು, ನಿನ್ನೆಯದ್ದು ಬೆರೆಸಿದ್ದೀಯಾ ಎಂದು ಕೇಳಿದರೆ ತಂದೆ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರು. ಹಿರಿಯರನ್ನು ಕರೆದು ಕೂರಿಸಿ ಅವರ ಎದುರಿಗೆ ಸುಳ್ಳು ಹೇಳಲಿಕ್ಕುಂಟಾ ಮಗಾ, ಎನ್ನುತ್ತಿದ್ದರು. ದೂಜ ಕಲ್ಲಿನ ಮೇಲಿನ ಕೆಂಪು ಹನಿಗಳನ್ನು ನೋಡಿದ. ನಾಲ್ಕು ವರ್ಷ ಅಡ್ಡಿಯಿಲ್ಲದೆ ಹೇಳಿದ ಸುಳ್ಳನ್ನು ಅವುಗಳ ಎದುರಿಗೆ ಹೇಳಲಾಗದೆ ಗ್ಲಾಸನ್ನು ಮೇಜಿನ ಮೇಲಿಟ್ಟ.

"ನನಗೆ ವಾಸನೆ ಬರುವುದಿಲ್ಲ, ಬಾಯಿ," ಎಂದ. "ಜ್ವರ ಬಂದಿತ್ತಲ್ಲ, ಆವಾಗಿನಿಂದ ಏನೂ ಇಲ್ಲ."

ಯಕ್ಷಿತಾಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಹಾಗಾದ್ರೆ ಹೋದ ತಿಂಗಳು ಮಮ್ಮಿ ವಾಸನೆಗೆ ಓಡಿ ಬಂದು ಗ್ಯಾಸ್ ಬಂದ್ ಮಾಡಿದ್ದು? ನೀವು ಬಾಜುನಲ್ಲೇ ನಿಂತಿದ್ರಿ. ಈಗ ಆಫ್ ಮಾಡ್ತಿದ್ದೆ ಅಂದ್ರಿ. ಸುಳ್ಳಾ ಅದು?"

"ಸುಳ್ಳು ಮಗಾ."

"ನನ್ನ ಮಲ್ಲಿಗೆ?"

ದೂಜ ತಲೆ ತಗ್ಗಿಸಿದ. ಇಡೀ ಜೀವಮಾನದಲ್ಲಿ ಯಾವ ಧನಿಯ ಎದುರಿಗೂ ಆಗದ ಅವಮಾನ ಮಗಳ ಎದುರಿಗೆ ಆಯಿತು.

ಹಿಲ್ಡಾಬಾಯಿ ಎರಡೂ ಗ್ಲಾಸು ಪಕ್ಕಕ್ಕೆ ಸರಿಸಿದರು. "ಮತ್ತೆ ಇಷ್ಟು ವರ್ಷ ಹಿಟ್ಟು ಹೇಗೆ ನೋಡಿದಿರಿ?"

"ಕಿವಿಯಿಂದ. ಬೆರಳಿನಿಂದ. ಎರಡು ಸಲ ತಪ್ಪಿದೆ."

"ಗ್ಯಾಸಿನ ಮುಂದೆ ನಿಮ್ಮೊಬ್ಬರನ್ನೇ ಬಿಡಲಿಕ್ಕೆ ನನ್ನಿಂದ ಆಗುವುದಿಲ್ಲ. ಮೇಲೆ ಜನ ಮಲಗಿರುತ್ತಾರೆ." ಆಕೆ ಗೋಡೆ ಹಿಡಿದು ಎದ್ದರು. "ಮೂಗಿರುವವರು ಯಾರಾದರೂ ದಿನಾ ನಿಮ್ಮ ಪಕ್ಕ ನಿಲ್ಲುವುದಾದರೆ ನೋಡೋಣ. ಅದನ್ನು ನೀವು ನೀವೇ ಮಾತಾಡಿಕೊಳ್ಳಿ. ಹನ್ನೊಂದಕ್ಕೆ ನನಗೆ ಹಸಿವಾಗುತ್ತದೆ."

ಯಕ್ಷಿತಾ ಅಪ್ಪನ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದಳು. ದೂಜ ಹೆಗಲ ಮೇಲಿನ ಟವಲಿನಿಂದ ಕಲ್ಲಿನ ಮೇಲಿನ ಹನಿಗಳನ್ನು ಒರೆಸಿ ಮೇಲೆ ಬಂದ. ಜಗಲಿಯಲ್ಲಿ ಡಬ್ಬ ಇರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲಿತ್ತು. ಒಲೆಯ ಪಕ್ಕದಲ್ಲಿ ಯಕ್ಷಿತಾ ಕೈಕಟ್ಟಿ ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು, ಸಿಟ್ಟು ಇಳಿದಿರಲಿಲ್ಲ.

ದೂಜ ಬಟ್ಟೆ ಬಿಚ್ಚಿದ. ಹಿಟ್ಟು ಕಂಠಮಟ್ಟ ಏರಿ ಗುಳ್ಳೆ ಗುಳ್ಳೆಯಾಗಿತ್ತು. ಕಿವಿಯಿಡಲು ಬಗ್ಗಿದವನು ಅರ್ಧದಲ್ಲೇ ನಿಂತ. ಈ ಕೆಲಸದಲ್ಲಿ ಅವನು ಇನ್ನೊಬ್ಬರನ್ನು ಕೇಳಿದ್ದೇ ಇಲ್ಲ.

"ಸ್ವಲ್ಪ ಮೂಸಿ ನೋಡ್ತೀಯಾ? ಹೇಗುಂಟು ಹೇಳು."

ಅವಳು ಕಟ್ಟಿದ ಕೈ ಬಿಚ್ಚಿ ಕಣ್ಣು ಒರೆಸಿಕೊಂಡಳು. ಆಮೇಲೆ ಬಂದು ಡಬ್ಬದ ಮೇಲೆ ಮುಖ ಬಗ್ಗಿಸಿದಳು.

"ನನಗೆ ಇದರದ್ದು ಶಬ್ದ ಗೊತ್ತಿಲ್ಲ ಪಪ್ಪ. ಖಟ್ಟಾ, ಹುಳಿ ಅಂತ ಹೇಳೋದಾ, ಏನು ಹೇಳೋದು?"

"ಗೊತ್ತಿದ್ದ ಹಾಗೆ ಹೇಳು."

ಅವಳು ಮತ್ತೊಮ್ಮೆ ಬಗ್ಗಿದಳು. ಎದ್ದಾಗ ದನಿ ಸಣ್ಣದಾಗಿತ್ತು.

"ನಾನು ಚಿಕ್ಕವಳಿದ್ದಾಗ ನೀವು ಡ್ಯೂಟಿಯಿಂದ ಬಂದು ನನ್ನನ್ನು ಎತ್ಕೊಳ್ತಿದ್ರಲ್ಲ, ಆವಾಗ ನಿಮ್ಮ ಶರ್ಟ್ ಹೀಗೇ ಇರ್ತಿತ್ತು."

ದೂಜ ಸೌಟು ಹುಡುಕಿ ಕೈಗೆ ತೆಗೆದುಕೊಂಡ.

"ಹಾಗಾದರೆ ಹದ ಬಂದಿದೆ," ಎಂದ. "ಗ್ಯಾಸ್ ಹಚ್ಚು ಮಗಾ."