ಹೊರಸಿನ ಕೆಳಗಿನ ಹುಲ್ಲು

ಶರಣಮ್ಮ ಅಕ್ಕೋರ ಕೊರಳಲ್ಲಿ ಲಿಂಗದ ಜೊತೆಗೆ ಒಂದು ಸೀಟಿಯೂ ಇರುತ್ತಿತ್ತು. ಆಳಂದದಲ್ಲಿ ಹೆಣ್ಣುಮಕ್ಕಳಿಗೆ ಡ್ರಿಲ್ ಕಲಿಸಿ ನಿವೃತ್ತರಾಗಿದ್ದರು. ಶಾಲೆ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಅದೀಗ ಮನೆಯ ಮುಂದಿನ ಹುಲ್ಲನ್ನು ಕಾಯುತ್ತಿತ್ತು. ಹಾಲಿನವನಾಗಲಿ, ಪಕ್ಕದ ಮನೆಯ ನಾನಾಗಲಿ ಹತ್ತಿರದ ದಾರಿಯೆಂದು ಹುಲ್ಲಿನ ಮೇಲೆ ಕಾಲಿಟ್ಟರೆ ಒಳಗಿನಿಂದ ಸೀಟಿ ಕೇಳುತ್ತಿತ್ತು, ಅದರ ಹಿಂದೆಯೇ ಮಾತು: "ಹುಲ್ಲ ಬಿಟ್ಟು ಇಳೀರಿ! ಫರಸಿ ಕಲ್ಲಿನ ದಾರಿ ಯಾಕ ಹಾಕಿಸೀನಿ, ನೋಡಾಕೇನು?"

ನಮ್ಮ ಕಡೆ ಕರಕಿ, ಅಂದರೆ ಗರಿಕೆ ಹುಲ್ಲು, ಒಂದು ಕಳೆ. ಕರಿಮಣ್ಣಿನ ಹೊಲದಲ್ಲಿ ಒಮ್ಮೆ ಬೇರುಬಿಟ್ಟರೆ ಅಗೆದು ತೆಗೆಯುವವರ ಸೊಂಟ ಬೀಳುತ್ತದೆ. ಅಂಥ ಕರಕಿಯನ್ನು ಅಕ್ಕೋರು ನೆಟ್ಟು, ನೀರುಣಿಸಿ, ಕತ್ತರಿ ಆಡಿಸಿ ಬೆಳೆಸುತ್ತಿದ್ದರು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಹಾಲು ತರುವ ಶಿವರಾಯನಿಗೆ ಇದನ್ನು ನೋಡಿ ನಗು ತಡೆಯಲಾಗುತ್ತಿರಲಿಲ್ಲ.

"ಅಕ್ಕೋರೆ, ಇದನ್ನ ಕಿತ್ತು ಕಿತ್ತು ನಮ್ಮ ನಡಾ ಮುರದಾವ. ನೀವು ನೋಡಿದ್ರ ಕೂಸಿನಂಗ ಸಾಕಾಕತ್ತೀರಿ."

"ನೀ ಕಿತ್ತದ್ದು ತಂದು ಇಲ್ಲಿ ಒಗಿಯಪ್ಪ. ಹುಲ್ಲಿಗಿ ನೀರು ನಾ ಹಾಕ್ತೇನಿ. ನೀ ಹಾಲಿಗಿ ಹಾಕೋದು ಬಿಡು, ಸಾಕು."

ನೀರು ಹಾಕಿದರಷ್ಟೇ ಸಾಲದು ಎನ್ನುವುದು ಅವರ ಮತ. ಕಂಬಾರನಿಂದ ನಾಲ್ಕು ಹಲ್ಲಿನ ಕಬ್ಬಿಣದ ಚುಚ್ಚುಗೋಲು ಮಾಡಿಸಿಕೊಂಡಿದ್ದರು. ಹಸಿ ಇದ್ದರೆ ಕರಿಮಣ್ಣು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಬ್ಬಿಣವೇ ಇಳಿಯುವುದಿಲ್ಲ. ಆದ್ದರಿಂದ ಮಣ್ಣು ಹದಕ್ಕೆ ಬರುವತನಕ ಕಾದು, ಕಾಲಿನಿಂದ ಒತ್ತಿ, ಕಿತ್ತು, ಗೇಣು ಸರಿದು ಮತ್ತೆ ಒತ್ತುತ್ತಿದ್ದರು. ಆ ತೂತುಗಳು ಮುಚ್ಚಿಕೊಳ್ಳದಿರಲೆಂದು ಅಫಜಲಪುರದ ತವರಿನಿಂದ ತರಿಸಿದ ಭೀಮಾ ನದಿಯ ಉಸುಕನ್ನು ಅವುಗಳೊಳಗೆ ಗುಡಿಸುತ್ತಿದ್ದರು.

"ಬೇರಿಗಿ ಗಾಳಿ ಬೇಕವ್ವ," ಎನ್ನುತ್ತಿದ್ದರು. "ಉಸುರು ಕಟ್ಟಿದ್ರ ನೀರು ಕುಡಿಯೋದ್ಯಾರು?"

ತೊಂಬತ್ತರ ದಶಕದ ಮೊದಲಲ್ಲಿ ಒಂದು ನಸುಕಿನಲ್ಲಿ ಭೂಕಂಪವಾಯಿತು. ನಮ್ಮ ಅಡುಗೆಮನೆಯ ಗೋಡೆ ಬಿತ್ತು. ನಾವು ಮಲಗಿದ್ದ ಕೋಣೆಯ ಗೋಡೆ ಬೀಳಲಿಲ್ಲ. ಸದ್ದು ನನಗೆ ಅಷ್ಟು ನೆನಪಿಲ್ಲ; ಪಾದದ ಕೆಳಗೆ ನೆಲ ನೆಲದಂತೆ ಇರಲಿಲ್ಲ ಎಂಬುದಷ್ಟೇ ನೆನಪು. ನಾಲ್ಕು ವರ್ಷದ ಮಗಳು ಗೌರಿಯನ್ನು ಎತ್ತಿಕೊಂಡು ಗಂಡನ ಹಿಂದೆ ಓಣಿಗೆ ಓಡಿದೆ. ಎರಡೂ ಕಡೆ ಕಲ್ಲು ಮಣ್ಣಿನ ಗೋಡೆಗಳು. ಅಕ್ಕೋರು ತಮ್ಮ ಗೇಟನ್ನು ಪೂರ್ತಿ ತೆರೆದು ನಿಂತು ಸೀಟಿ ಊದುತ್ತಿದ್ದರು.

"ಎಲ್ಲಾರೂ ಒಳಗ ಬರ್ರಿ! ಹುಲ್ಲ ಮ್ಯಾಲ ಬರ್ರಿ! ಗ್ವಾಡಿ ಹತ್ರ ನಿಂದರಬ್ಯಾಡ್ರಿ!"

ಆಮೇಲೆ ಎಷ್ಟೋ ದಿನ ಓಣಿಯೆಲ್ಲ ಆ ಅಂಗಳದಲ್ಲೇ ಮಲಗಿತು. ಹೊರಸು ಎನ್ನುವ ನುಲಿಮಂಚಗಳು, ಚಾಪೆಗಳು, ನೀರಿನ ಕೊಡಗಳು, ಮಕ್ಕಳ ಓಡಾಟ. ಸೀಟಿ ಒಮ್ಮೆಯೂ ಕೇಳಲಿಲ್ಲ. ಜನ ಒಬ್ಬೊಬ್ಬರಾಗಿ ಮನೆ ಸೇರಿದ ಮೇಲೆ ನೋಡಿದರೆ ಹುಲ್ಲು ಹೋಗಿ ನೆಲ ರಾಶಿಯ ಕಣದಂತೆ ಗಟ್ಟಿಯಾಗಿತ್ತು. "ಜ್ವಾಳಾ ತಂದು ರಾಶಿ ಮಾಡಾಕ ಅಡ್ಡಿಯಿಲ್ಲ ನೋಡು," ಎಂದು ಅಕ್ಕೋರು ನಕ್ಕರು.

ನಾನು ಮಾತ್ರ ಮನೆಗೆ ಹೋಗಲಿಲ್ಲ. ಅಡುಗೆಮನೆಯ ಗೋಡೆ ಮತ್ತೆ ಎದ್ದಿತು, ಗಂಡ ಒಳಗೆ ಮಲಗತೊಡಗಿದರು. ನಾನೂ ಗೌರಿಯೂ ಅಕ್ಕೋರ ಅಂಗಳದ ಹೊರಸಿನ ಮೇಲೇ ಉಳಿದೆವು.

"ಇಬ್ಬನಿ ಬೀಳಾಕತ್ತದ, ಕೂಸು ಕೆಮ್ಮಾಕತ್ತದ," ಎಂದರು ಗಂಡ. "ಥಂಡಿ ಕಾಲದಾಗ ಏನ್ ಮಾಡ್ತಿ?"

ನಾನು ಹೊಸ್ತಿಲತನಕ ಹೋಗಿ, ಒಳಗೆ ಕಾಲಿಡದೆ, ಮತ್ತೆ ಹೊರಸಿಗೇ ಬರುತ್ತಿದ್ದೆ.

ಅಕ್ಕೋರು ನನಗೆ ಬುದ್ಧಿ ಹೇಳಲಿಲ್ಲ. ಅಂಗಳದ ಆಚೆ ಗೋಡೆಯ ಕಡೆಯಿಂದ ನೆಲ ಚುಚ್ಚುತ್ತಾ, ದಿನಕ್ಕಷ್ಟು ಮುಂದೆ ಬಂದು, ಒಂದು ಬೆಳಿಗ್ಗೆ ಹೊರಸಿನ ಹತ್ತಿರ ನಿಂತರು.

"ತಂಗಿ, ಹೊರಸು ಒಂದೀಟು ಸರಸು."

"ಎಲ್ಲಿಗಿರಿ?"

"ಚುಚ್ಚಿದ ಕಡಿ ಬ್ಯಾಡ, ಅದು ಈಗರೆ ಉಸುರಾಡಾಕತ್ತದ. ಈ ಕಡಿ ಇಡು."

ಈ ಕಡೆ ಎಂದರೆ ನಮ್ಮ ಮನೆಯ ಕಡೆ. ಹೊರಸು ಎತ್ತಿದಾಗ, ಆಗಷ್ಟೇ ಮತ್ತೆ ಚಿಗುರಿದ್ದ ಹುಲ್ಲು ಕೆಳಗೆ ಅದರಷ್ಟೇ ಉದ್ದಗಲಕ್ಕೆ ಹಳದಿಯಾಗಿತ್ತು. ಅಕ್ಕೋರು ಚುಚ್ಚುಗೋಲನ್ನು ನನ್ನ ಕೈಗಿತ್ತರು.

"ನಾ ಒಲ್ಲೆರಿ ಅಕ್ಕೋರೆ. ನೆಲಾ ಅಂದ್ರ ಅಂಜಿಕಿ ಬರ್ತದ."

"ನಂಗೂ ಬರ್ತದ ಬೇ. ಅದಕ್ಕ ದಿನಾ ಚುಚ್ಚಿ ನೋಡ್ತೇನಿ, ಒಳಗ ಏನದ ಅಂತ."

"ಏನದರಿ?"

"ಎರಿಹುಳಾ."

ಎಷ್ಟೋ ದಿನಗಳ ಮೇಲೆ ನಾನು ನಕ್ಕೆ. ಕಾಲಿಟ್ಟು ಒತ್ತಿದೆ. ಕಬ್ಬಿಣ ನಿಧಾನ ಇಳಿಯಿತು, ನೆಲ ತಡೆದು ಹಿಡಿಯಿತು. ಅದು ಹಾಗೆ ಹಿಡಿದದ್ದು ನನ್ನ ಅಂಗಾಲಿಗೆ ಗೊತ್ತಾಯಿತು.

ಅಂದಿನಿಂದ ನಾನೂ ಚುಚ್ಚಿದೆ. ಮುಗಿದ ಜಾಗ ಬಿಟ್ಟು ಹೊರಸು ಸರಿಯುತ್ತಾ ಹೋಯಿತು. ಅಂಗಳ ಮುಗಿದಾಗ ಅದನ್ನು ಇಡಲು ಅಲ್ಲಿ ಎಡೆಯಿರಲಿಲ್ಲ. ಅಕ್ಕೋರು ಒಂದು ಕಡೆ ಹಿಡಿದರು, ನಾನು ಒಂದು ಕಡೆ. ನಮ್ಮ ಪಡಸಾಲೆಯಲ್ಲಿ ಇಳಿಸಿದೆವು. ಗೌರಿ ಅಲ್ಲಿ ಮಲಗಿದಳು. ನಾನು ಅಂಗೈಯನ್ನು ನೆಲಕ್ಕೆ ಊರಿ ಕೂತೇ ಇದ್ದೆ. ಯಾವಾಗಲೋ ನಿದ್ದೆ ಬಂದಿತ್ತು.

"ನನ್ನ ಸಲುವಾಗಿ ಹಂಗ ಮಾಡಿದ್ರೇನ್ರಿ?" ಎಂದು ಮುಂದೊಮ್ಮೆ ಕೇಳಿದೆ.

"ನಿನ್ನ ಸಲುವಾಗಿ ಯಾಕ? ಹುಲ್ಲು ಸಾಯಾಕತ್ತಿತ್ತಲ್ಲ!"

ಕೆಲವು ವರ್ಷಗಳಲ್ಲಿ ಅಕ್ಕೋರ ಮೊಣಕಾಲು ಹೋದವು, ಆಮೇಲೆ ಶಕ್ತಿಯೂ. ಚಳಿಗಾಲದಲ್ಲಿ ಅವರನ್ನು ಹಗಲೆಲ್ಲ ಅಂಗಳದ ಹೊರಸಿನ ಮೇಲೆ ಬಿಸಿಲಿಗೆ ಮಲಗಿಸುತ್ತಿದ್ದೆವು. ನಾನು ಚುಚ್ಚುವುದನ್ನು ನೋಡುತ್ತಾ, ತಪ್ಪಿದರೆ ಸೀಟಿ ಊದಲು ಹೋಗಿ ದಮ್ಮು ಸಾಲದೆ ನಗುತ್ತಿದ್ದರು. ಒಂದು ದಿನ ಚುಚ್ಚುತ್ತಾ ಹೊರಸಿನತನಕ ಬಂದು ಕೇಳಿದೆ:

"ಅಕ್ಕೋರೆ, ಸರಸ್ಲೇನ್ರಿ?"

"ಇವತ್ತ ಬ್ಯಾಡವ್ವ. ಬಿಸಲು ಇಲ್ಲೇ ಚೊಲೊ ಅದ. ನಾಳಿಗಿ ಸರಸು."

ಮರುದಿನ ಅವರು ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹೊರಸನ್ನು ಎತ್ತಿ ಒಳಗಿಟ್ಟೆವು. ಅದಿದ್ದಲ್ಲಿ ಹುಲ್ಲು ಹಳದಿಯಾಗಿತ್ತು. ಹಾಗೇ ಬಿಡೋಣವೇ ಅನ್ನಿಸಿತು. ಆಮೇಲೆ ನೀರು ಹಾಕಿದೆ. ಹದ ಬಂದಾಗ ಚುಚ್ಚಿ, ಉಸುಕು ಗುಡಿಸಿ, ಫರಸಿ ಕಲ್ಲಿನ ಮೇಲೆಯೇ ಸುತ್ತುಹಾಕಿ ಮನೆಗೆ ಬಂದೆ.