ಹಾಲನ್ನದ ಬೆಕ್ಕಿನ ಹೃದಯ

ನಿಮಿಷಕ್ಕೆ ಐವತ್ತೆರಡು. ಮತ್ತೆ ಎಣಿಸಿದೆ. ಐವತ್ನಾಲ್ಕು. ಮಲಗಿರುವ ಬೆಕ್ಕಿನ ಉಸಿರು ಮೂವತ್ತು ದಾಟಬಾರದು ಎಂದು ಎಲ್ಲೋ ಓದಿದ್ದೆ. ಓದಿದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೆ ನಮ್ಮ ಬೂದು ಬೆಕ್ಕು ಮುಂಗಾಲು ಅಗಲಿಸಿ, ಕತ್ತು ಚಾಚಿ, ಹೊಟ್ಟೆಯಿಂದ ಉಸಿರೆಳೆಯುತ್ತಿದ್ದ ರೀತಿಗೆ ಬೇರೆ ಪುರಾವೆ ಬೇಕಿರಲಿಲ್ಲ.

ಕಾರು ಮಾಡಿಕೊಂಡು ನಂಜನಗೂಡಿನಿಂದ ಮೈಸೂರಿಗೆ ಓಡಿದೆ. ಡಾಕ್ಟರು ಆಕ್ಸಿಜನ್ ಕೊಟ್ಟರು. ಪಕ್ಕೆಲುಬಿನ ನಡುವೆ ಸೂಜಿ ಹಾಕಿ ಶ್ವಾಸಕೋಶದ ಸುತ್ತ ತುಂಬಿದ್ದ ನೀರು ತೆಗೆದರು. ಸ್ಕ್ಯಾನಿನಲ್ಲಿ ಹೃದಯ ತೋರಿಸಿದರು. ಹಿಗ್ಗಿ, ಗೋಡೆ ತೆಳ್ಳಗಾಗಿ, ಹಿಂಡುವ ಶಕ್ತಿಯೇ ಇಲ್ಲದೆ ಸುಮ್ಮನೆ ಅದುರುತ್ತಿತ್ತು.

"ಏನು ತಿನ್ನಿಸ್ತೀರ?"

"ಹಾಲು, ಅನ್ನ, ಮೊಸರು. ನಮ್ಮನೇಲಿ ಮಾಂಸ ತರಲ್ಲ ಸರ್."

"ಹೊರಗೆ ಇಲಿ-ಗಿಲಿ?"

"ಹೊರಗೆ ಬಿಡೋದೇ ಇಲ್ಲ." ಇದನ್ನು ಹೆಮ್ಮೆಯಿಂದಲೇ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. ಟಾರೀನ್ ಎಂಬುದೊಂದು ಅಂಶ ಇದೆಯಂತೆ. ಬೆಕ್ಕಿನ ಮೈ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಬರಬೇಕು. ಬರದಿದ್ದರೆ ಹೃದಯದ ಸ್ನಾಯು ಸೋಲುತ್ತದೆ.

"ಎಷ್ಟೋ ಮನೇಲಿ ಬೆಕ್ಕುಗಳು ಹಾಲನ್ನ ತಿಂದೇ ಬದುಕಿವೆಯಲ್ಲ ಸರ್?"

"ಅವು ಹೊರಗೆ ಹೋಗ್ತವೆ ಕಣಮ್ಮ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಹೀಗೆ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದಾಗ ನಾನು ವಿಷಯ ಬದಲಾಯಿಸುತ್ತಿದ್ದೆ. ಇಲ್ಲಿ ಬದಲಾಯಿಸಲು ಇನ್ನೊಂದು ವಿಷಯವಿರಲಿಲ್ಲ.

"ಇದೇ ಕಾರಣ ಅಂತ ಈಗಲೇ ಹೇಳಕ್ಕಾಗಲ್ಲ," ಅಂದರು ಡಾಕ್ಟರು. "ಆದ್ರೆ ಇದೇ ಆಗಿರ್ಲಿ ಅಂತ ಆಸೆಪಡಿ. ಬೇರೆ ಕಾರಣಕ್ಕೆ ಹೃದಯ ಸೋತ್ರೆ ಔಷಧಿ ಕೊಟ್ಟು ದಿನ ದೂಡಬಹುದು, ಅಷ್ಟೆ. ಇದಾದ್ರೆ ವಾಪಸ್ ಬರೋ ದಾರಿ ಇದೆ. ಮೊದಲ ಎರಡು ವಾರ ದಾಟಬೇಕು. ಮಾತ್ರೆ, ಟಾರೀನ್ ಪುಡಿ, ಜೊತೆಗೆ ಮೀನು ಇಲ್ಲ ಕೋಳಿ. ಬೇಯಿಸಿದ ನೀರೂ ಚೆಲ್ಲಬೇಡಿ, ಟಾರೀನ್ ಅದರಲ್ಲೂ ಇಳಿದಿರುತ್ತೆ."

ಮನೆಯಲ್ಲಿ ಇರುವವರು ನಾನು ಮತ್ತು ಅಜ್ಜಿ. ಲಿಂಗಪೂಜೆ ಮುಗಿಯದೆ ಹನಿ ನೀರೂ ಮುಟ್ಟದ ಅಜ್ಜಿ. ಎರಡು ವರ್ಷದ ಹಿಂದೆ ಈ ಮರಿಯನ್ನು ತಂದಾಗ ಅವಳು ಅಂದಿದ್ದಳು: "ಕದ ತಗಿ, ಒರ್ಗಡೆ ಓಡಾಡ್ಕಂಡ್ ಬರ್ಲಿ. ಮೊದ್ಲಿನ್ ಬೆಕ್ಕೆಲ್ಲ ಅಂಗೇ ಇದ್ವು." ಬೀದಿನಾಯಿ, ಲಾರಿ, ಇಲಿಪಾಷಾಣ ಎಂದು ನಾನು ಒಂದೊಂದೇ ವಾದ ಹೂಡಿ ಅವಳ ಬಾಯಿ ಮುಚ್ಚಿಸಿದ್ದೆ. ಪ್ರತಿ ವಾದವೂ ಸರಿಯಾಗಿತ್ತು. ಅಂದಿನಿಂದ ಬಾಗಿಲು ಹಾಕಿಯೇ ಇತ್ತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮೀನಿನ ಪರವಾಗಿ ಮಾತು ಕಟ್ಟಿಕೊಂಡು ಬಂದೆ. ಅಜ್ಜಿ ಮೊದಲ ಮಾತನ್ನೂ ಪೂರ್ತಿ ಕೇಳಲಿಲ್ಲ.

"ಅಡ್ಗೆಮನೆಗ್ ತರ್ಬ್ಯಾಡ. ಇತ್ಲಲ್ಲಿ ಬೇಯ್ಸ್ಕೊ. ಅಳೇ ಪಾತ್ರೆ ಕೊಡ್ತೀನಿ, ವಾಪಸ್ ಕೊಡ್ಬ್ಯಾಡ."

ನಾನು ಪಾಠ ಮಾಡುವುದು ಟಿ. ನರಸೀಪುರದ ಒಂದು ಕಾಲೇಜಿನಲ್ಲಿ. ಸೋಮವಾರ ಪಾಠ ಮುಗಿಸಿ, ಸೇತುವೆ ಹತ್ತಿರ ಜಿಲೇಬಿ ಮೀನು ಕೊಂಡು, ಮೂರು ಕವರಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು ಮೂಗರಳಿಸಿ, "ಸಾರಾ, ಫ್ರೈಯಾ?" ಅಂದಳು. "ಬೆಕ್ಕಿಗೆ" ಅಂದೆ. "ಪುಣ್ಯ ಮಾಡಿತ್ತು ಬುಡಿ," ಅಂದಳು.

ಬೆಕ್ಕು ಮೀನನ್ನು ಮೂಸಿ, ಮುಖ ತಿರುಗಿಸಿತು.

ಹುಟ್ಟಿದಂದಿನಿಂದ ಹಾಲನ್ನ ತಿಂದದ್ದಕ್ಕೆ ಮೀನು ಆಹಾರ ಎಂದೇ ಗೊತ್ತಿಲ್ಲ. ಪುಡಿ ಮಾಡಿದೆ, ಬಿಸಿ ಮಾಡಿದೆ, ಹಾಲನ್ನದಲ್ಲಿ ಕಲಸಿದೆ. ಕಲಸಿದ ಮೇಲೆ ಹಾಲನ್ನವನ್ನೂ ಬಿಟ್ಟಿತು. ಮಂಗಳವಾರವೂ ಅದೇ. ಉಸಿರು ಮೂವತ್ತೆಂಟಕ್ಕೆ ಇಳಿದಿದ್ದದ್ದು ನಲವತ್ತಾರಕ್ಕೆ ಏರಿತು. ಫೋನಿನಲ್ಲಿ ಡಾಕ್ಟರು, "ಉಪವಾಸ ಬಿದ್ರೆ ಬೆಕ್ಕಿನ ಲಿವರ್ ಕೆಡುತ್ತೆ. ನಾಳೆಯೊಳಗೆ ಏನಾದ್ರೂ ಹೊಟ್ಟೆಗೆ ಹೋಗ್ಲೇಬೇಕು" ಅಂದರು.

ಬುಧವಾರ ರಜೆ ಹಾಕಿದೆ. ಮಧ್ಯಾಹ್ನ ಹಿತ್ತಿಲಲ್ಲಿ ಕಲಸಿದ ಅನ್ನದ ತಟ್ಟೆ ಹಿಡಿದು ಕೂತಿದ್ದೆ. ಅಜ್ಜಿ ಬಾಗಿಲ ಮೆಟ್ಟಿಲ ಮೇಲಿದ್ದಳು.

"ನೀನ್ ಕೊಟ್ರೆ ಅದು ಯಾವತ್ ತಿಂದದೆ?" ಅಂದಳು.

ನಿಜ. ಮರಿಯಾಗಿದ್ದಾಗಿನಿಂದ ಅದಕ್ಕೆ ತುತ್ತು ಮಾಡಿ ಬೆರಳಿನಿಂದ ತಿನ್ನಿಸುತ್ತಿದ್ದವಳು ಅಜ್ಜಿ. ಈಗ ಕೇಳಬೇಕಾದ್ದೇನು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಜೀವ ಉಳಿಸುವುದಕ್ಕಿಂತ ದೊಡ್ಡ ಪೂಜೆ ಯಾವುದು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆಡಿದ್ದರೆ ಗೆಲ್ಲುತ್ತಿದ್ದೆ. ಕಳೆದ ಸಲ ಗೆದ್ದದ್ದರ ಫಲ ಕಣ್ಣೆದುರೇ ಬಾಯಿ ತೆರೆದು ಉಸಿರಾಡುತ್ತಿತ್ತು. ಆ ಮಾತು ಆಡದೆ ತಟ್ಟೆ ನೆಲಕ್ಕಿಟ್ಟೆ.

ಅಜ್ಜಿ ಬೆಕ್ಕನ್ನು ನೋಡಿದಳು, ತಟ್ಟೆ ನೋಡಿದಳು. ಇಳಿದು ಬಂದು ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಳು.

"ಮುಳ್ ತಗ್ದಿದ್ದೀಯ ತಾನೆ?"

"ತೆಗ್ದಿದ್ದೀನಿ."

ಎಪ್ಪತ್ತು ದಾಟಿದ ಆ ಬೆರಳುಗಳು ಮೀನು ಮುಟ್ಟಿದ್ದು ಅದೇ ಮೊದಲು. ಮುಖ ಹಿಂಡಿಕೊಂಡೇ ಪುಟ್ಟ ಉಂಡೆ ಮಾಡಿ ಹಿಡಿದಳು. "ಬಾ ಕಳ್ಳಿ. ನನ್ನೂ ಕೆಡಿಸ್ದೆ, ಇನ್ನ ತಿನ್ನು." ಮೊದಲನೆಯದು ನೆಲಕ್ಕೆ ಬಿತ್ತು. ಎರಡನೆಯದನ್ನು ಮೂಸಿತು. ಅವಳ ಬೆರಳನ್ನೊಮ್ಮೆ ನೆಕ್ಕಿತು. ಉಸಿರಿಗಾಗಿ ನಿಂತು, ಮತ್ತೆ ನೆಕ್ಕಿ, ನುಂಗಿತು. ಐದು ಉಂಡೆ ಹೋಗುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು.

"ಅಜ್ಜಿ, ಅವತ್ತು ನೀನು ಹೇಳಿದ್ದೇ ಸರಿ."

"ಸರಿ ಏನ್ ಬಂತು? ಬಿಟ್ಟಿದ್ರೆ ನಾಯಿ ಕಚ್ಚಾಕ್ತಿತ್ತೋ ಏನೋ. ಎದ್ದು ಬಚ್ಚಲಿಗೆ ನೀರ್ ತುಂಬ್ಸು, ಮೀಯ್ಬೇಕು." ಎರಡು ಹೆಜ್ಜೆ ಹೋಗಿ ನಿಂತಳು. "ಸೋಮವಾರ? ಶಿವನ್ ವಾರ."

"ಸೋಮವಾರಾನೂ ಬೇಕು."

"ಅಂಗಾರೆ ಅಷ್ಟ್ರೊಳ್ಗೆ ನಿನ್ ಕೈಯಲ್ಲಿ ತಿನ್ನದ ಕಲಿಸು."

ಕಲಿಸಲು ನೋಡಿದೆ. ಆ ಸೋಮವಾರ ನನ್ನ ಕೈಯಿಂದ ಎರಡೇ ತುತ್ತು ತಿಂದು ತಲೆಯೆತ್ತಿ ಬಾಗಿಲ ಕಡೆ ನೋಡತೊಡಗಿತು. ಅಜ್ಜಿ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳೋ ಏನೋ, ಪೂಜೆ ಮುಗಿಸಿದವಳೇ ಬಂದು ಕೂತಳು. ಆಮೇಲೆ ಇನ್ನೊಂದು ಸ್ನಾನ. ಎರಡು ತಿಂಗಳು ಹಾಗೇ ನಡೆಯಿತು.

ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಹೃದಯ ಚಿಕ್ಕದಾಗಿದೆ, ಗೋಡೆ ಹಿಂಡುತ್ತಿದೆ. ನೀರು ತೆಗೆಯುವ ಮಾತ್ರೆ ಅರ್ಧಕ್ಕೆ ಇಳಿಸಿದರು. ಪೂರ್ತಿ ಮೊದಲಿನ ಹಾಗಾಗುತ್ತದೆಯೇ ಎಂದು ಮೂರು ರೀತಿಯಲ್ಲಿ ಕೇಳಿದೆ. ಡಾಕ್ಟರು ಸಿಕ್ಕಿಬೀಳಲಿಲ್ಲ.

"ಏನಂದ್ರು?" ಅಂದಳು ಅಜ್ಜಿ.

"ಕಮ್ಮಿಯಾಗಿದೆ. ಮುಂದೆ ಹೆಂಗೋ, ಈಗಲೇ ಹೇಳಲ್ಲ ಅಂದ್ರು."

"ಹೇಳ್ದಿದ್ರೆ ಒಳ್ಳೆ ಡಾಕ್ಟ್ರೇ," ಅಂದು, ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ನಡೆದಳು.