ಸೇಸಮ್ಮ ನಿಲ್ಲಿಸಿದ ರೈಲು

ನೆಕ್ಕರೆಪಲ್ಕೆಯ ಸೇಸಮ್ಮನಿಗೆ ಸಿಟ್ಟು ಬರಲಿಕ್ಕೆ ಕಾರಣವೇ ಬೇಡ ಎಂದು ಊರಲ್ಲಿ ಹೇಳುವವರಿದ್ದರು. ಶುದ್ಧ ಸುಳ್ಳು. ಅವಳ ಸಿಟ್ಟಿಗೆ ಯಾವತ್ತೂ ಕಾರಣ ಇರುತ್ತಿತ್ತು. ಅದನ್ನು ಕೇಳುವಷ್ಟು ಹೊತ್ತು ಯಾರೂ ನಿಲ್ಲುತ್ತಿರಲಿಲ್ಲ, ಅಷ್ಟೆ.

ಅವಳು ಬೆಳ್ತಂಗಡಿ ಕಡೆಯ ಹೆಣ್ಣು. ಹದಿನಾಲ್ಕನೇ ವರ್ಷಕ್ಕೆ ಲೋಕಯ್ಯನನ್ನು ಮದುವೆಯಾಗಿ ಬಂಟ್ವಾಳದ ಹೊಳೆಯಾಚೆಯ ಈ ಗುಡ್ಡದ ಬುಡಕ್ಕೆ ಬಂದಾಗ ಇಲ್ಲಿ ಇದ್ದದ್ದು ಮುರಕಲ್ಲು ಮತ್ತು ನೆಕ್ಕರೆ ಗಿಡ. ಜಾಗ ಧಣಿಗಳದ್ದು, ಇವರು ಗೇಣಿಯ ಒಕ್ಕಲು. ಮಣ್ಣು ತುಳಿದು ಗೋಡೆ ಎಬ್ಬಿಸಿದವಳು ಸೇಸಮ್ಮ. ಬಾವಿಯೊಳಗೆ ಲೋಕಯ್ಯ ಅಗೆದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಮೇಲೆ ಎಳೆದವಳೂ ಅವಳೇ, ಅದೂ ಏಳು ತಿಂಗಳ ಬಸುರಿ ಇದ್ದಾಗ. ಅದೇ ಮನೆಯಲ್ಲಿ ನಾಲ್ಕು ಹೆತ್ತಳು, ಎರಡು ಉಳಿದವು. ಮಗಳನ್ನು ಮೂಡಬಿದ್ರೆ ಹತ್ತಿರ ತೋಡಾರಿಗೆ ಕೊಟ್ಟದ್ದಾಯಿತು. ಮಗ ಬೊಂಬಾಯಿಯ ಹೋಟೆಲಿನಲ್ಲಿ, ಅವನ ಹೆಂಡತಿ ಲೋಲಾಕ್ಷಿ ಇವಳ ಜೊತೆಯಲ್ಲಿ. ಮೂವತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕುಳಿತ ಹೆಂಗಸು ಅವಳು. ಅವಳಿಗೆ ಒಂದು ದಿನ ಕಚೇರಿಯ ಕಾಗದವೊಂದು ಹೇಳಿತು, ನಿನಗೆ ಮನೆಯೇ ಇಲ್ಲ ಎಂದು!

ಆದದ್ದು ಹೀಗೆ. ಮಂಗಳೂರಿನಿಂದ ಘಟ್ಟದ ಮೇಲಕ್ಕೆ ಹೊಸ ರೈಲು ಬರುತ್ತದೆ ಎಂದು ಗುಲ್ಲೆದ್ದು, ೧೯೬೫ರ ಪಗ್ಗು ತಿಂಗಳಲ್ಲಿ ಅಳತೆಯವರು ಸರಪಳಿ ಹಿಡಿದುಕೊಂಡು ಬಂದರು. ಪಗ್ಗು ಅಂದರೆ ಎಪ್ರಿಲ್ ನಡುವಿನಿಂದ ಶುರುವಾಗುವ ಬಿರುಬೇಸಗೆ. ಮುಳಿಹುಲ್ಲಿನ ಮನೆಯವರೆಲ್ಲ ಮನೆಯ ಮೇಲಿನ ಮಾಡು ಬಿಚ್ಚುವುದು ಆಗಲೇ. ಹಳೆಯ ಹುಲ್ಲು ಕೆಳಗಿಳಿಸಬೇಕು, ಗೆದ್ದಲು ಹಿಡಿದ ಬಿದಿರು ಬದಲಿಸಬೇಕು, ಮಳೆಗೆ ಮುಂಚೆ ಹೊಸ ಹುಲ್ಲು ಹೊದಿಸಬೇಕು. ಆ ಎರಡು ದಿನ ಪಾತ್ರೆ ಪಡಗ ನೆರೆಮನೆಯ ಕೊಟ್ಟಿಗೆಗೆ ಹೋಗುತ್ತದೆ. ಬಾವಿಗೆ ಕಸ ಬೀಳದ ಹಾಗೆ ತೆಂಗಿನ ಮಡಲು ಮುಚ್ಚುತ್ತಾರೆ. ಅವತ್ತು ಮನೆಮಂದಿಯೆಲ್ಲ ಗುಡ್ಡದ ಮೇಲೆ ಒಟ್ಟಿದ್ದ ಹುಲ್ಲಿನ ಕಟ್ಟು ಹೊತ್ತು ತರಲು ಹೋಗಿದ್ದರು. ಬಂದವರು ನೋಡಿದ್ದು ನಾಲ್ಕು ಬೋಳು ಗೋಡೆ. ಬರೆದುಕೊಂಡರು: ‘ಪಾಳು ಗೋಡೆ, ವಾಸವಿಲ್ಲ.’ ಒಲೆಯ ಬೂದಿ ಮುಟ್ಟಿ ನೋಡಿದ್ದರೆ ಇನ್ನೂ ಬೆಚ್ಚಗಿತ್ತು. ಮುಟ್ಟುವವರು ಯಾರು? ಅವರಿಗೆ ಸಂಜೆಯೊಳಗೆ ಹೊಳೆಯ ತನಕ ಅಳೆದು ಮುಗಿಸುವ ಅವಸರ.

ರೈಲು ದಾರಿಗೆ ಮನೆ ಹೋದವರಿಗೆ ಬೇರೆ ಕಡೆ ಮನೆ ಕಟ್ಟಲು ಜಾಗ ಸಿಗುತ್ತದೆ, ಆದರೆ ಮನೆ ಎಂದು ಕಾಗದದಲ್ಲಿ ಇರಬೇಕು, ಎಂದರು ಶಾನುಭೋಗರು. ಸೇಸಮ್ಮ ಮೂರು ಸಲ ಕಚೇರಿಗೆ ನಡೆದಳು. ಮೂರನೆಯ ಸಲ ಶಾನುಭೋಗರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಿನ್ನ ಮನೆಯಲ್ಲಿ ನಾನೇ ಮಜ್ಜಿಗೆ ಕುಡಿದವ, ನನಗೆ ಗೊತ್ತಿಲ್ಲವಾ? ಆದರೆ ಅವರ ಕಾಗದ ತಿದ್ದಲಿಕ್ಕೆ ನನಗೆ ಅಧಿಕಾರ ಇಲ್ಲ ಮಾರಾಯ್ತಿ” ಎಂದರು.

ಮಾರನೆಯ ವರ್ಷ ಅದೇ ಪಗ್ಗು ತಿಂಗಳಿಗೆ ಬಂಟ್ವಾಳದ ಶಾಲೆಯ ಮೈದಾನದಲ್ಲಿ ಪ್ರದರ್ಶನ ಹಾಕಿದರು. ಸುದ್ದಿ ತಂದದ್ದು ಸೈಕಲಿನಲ್ಲಿ ಮೀನು ಮಾರುವ ಬಾವಾ.

“ಸೇಸಕ್ಕ, ಹೊಸ ರೈಲು ದಾರಿಯನ್ನೇ ಸಣ್ಣದಾಗಿ ಮಾಡಿ ಇಟ್ಟಿದ್ದಾರೆ. ಗುಡ್ಡ, ಹೊಳೆ, ಹೊಳೆ ದಾಟುವ ಸಂಕ ಎಲ್ಲ ಉಂಟು. ಹೋದವರೇ ರೈಲು ಓಡಿಸಬಹುದಂತೆ. ನಾನು ಓಡಿಸಿದೆ ಮಾರಾಯ್ತಿ! ನಮ್ಮ ಪಲ್ಕೆಯ ಮೇಲೆಯೇ ಹೋಗ್ತದೆ.”

“ನನ್ನ ಮನೆ ಉಂಟಾ ಅದರಲ್ಲಿ?”

ಬಾವಾ ಬುಟ್ಟಿಯ ಮೀನನ್ನು ಸುಮ್ಮನೆ ಆಚೆ ಈಚೆ ಮಾಡಿದ. “ನಾನು ಸರಿ ನೋಡ್ಲಿಲ್ಲ” ಎಂದ. ಸರಿಯಾಗಿಯೇ ನೋಡಿದ್ದ.

ಮಾರನೆಯ ದಿನ ಸೇಸಮ್ಮ ಪೆಟ್ಟಿಗೆಯಿಂದ ಮದುವೆಗೆ ಉಡುವ ಸೀರೆ ತೆಗೆದು ಉಟ್ಟು, ಲೋಲಾಕ್ಷಿಯನ್ನು ಕರೆದುಕೊಂಡು ಹೊಳೆ ದಾಟಿದಳು. ಮೈದಾನದ ಚಪ್ಪರದೊಳಗೆ ಜನವೋ ಜನ. ಶಾಲೆಯ ಉದ್ದಕ್ಕೂ ಇರುವಷ್ಟು ದೊಡ್ಡ ಮೇಜು. ಒಂದು ತುದಿಯಲ್ಲಿ ಮಂಗಳೂರು, ಇನ್ನೊಂದು ತುದಿಯಲ್ಲಿ ಸುಣ್ಣ ಮಣ್ಣು ಮೆತ್ತಿದ ಘಟ್ಟ. ನಡುವೆ ಗಾಜಿನ ನೇತ್ರಾವತಿ, ಹಸಿರು ಬಣ್ಣದ ಮರದ ಹೊಟ್ಟು ಉದುರಿಸಿ ಮಾಡಿದ ಗದ್ದೆ. ಗೇಣುದ್ದದ ನಾಲ್ಕು ರೈಲುಗಳು ಒಂದರ ಹಿಂದೆ ಒಂದು ಕರೆಂಟಿನಲ್ಲಿ ಓಡುತ್ತಿದ್ದವು. ಒಂದೊಂದಕ್ಕೆ ಒಂದೊಂದು ಹಿಡಿ. ಸಾಲಿನಲ್ಲಿ ನಿಂತವರಿಗೆಲ್ಲ ಒಂದೊಂದು ಸುತ್ತು ಓಡಿಸುವ ಅವಕಾಶ. ಮುದುಕರು ಕೂಡ ಹಲ್ಲು ಬಿಟ್ಟುಕೊಂಡು ಹಿಡಿ ತಿರುಗಿಸುತ್ತಿದ್ದರು.

ಸೇಸಮ್ಮ ರೈಲು ನೋಡಲಿಲ್ಲ. ಬೆರಳಿನಿಂದ ಹೊಳೆಯ ದಾರಿ ಹಿಡಿದು ಹೋದಳು. ದೋಣಿ ಕಟ್ಟುವ ಕಡವು ಸಿಕ್ಕಿತು. ಅಶ್ವತ್ಥಕಟ್ಟೆ ಸಿಕ್ಕಿತು. ಧಣಿಗಳ ಮನೆ ಕಾಣಿಸಿತು, ಕೆಂಪು ಹೆಂಚು, ಅಂಗಳದಲ್ಲಿ ಬೈಹುಲ್ಲಿನ ಮೆದೆ. ದನದ ಹಟ್ಟಿಗೂ ಹೆಂಚು ಹೊದಿಸಿದ್ದರು! ರಸ್ತೆಯಲ್ಲಿ ಒಂದು ಎತ್ತಿನ ಗಾಡಿ, ಅದರ ಕೆಳಗೆ ಒಂದು ನಾಯಿ. ಅಲ್ಲಿಂದ ಒಂದು ಗೇಣು ಮೇಲೆ ನೆಕ್ಕರೆಪಲ್ಕೆ. ಬೋಳು ಹಸಿರು. ಅದರ ಮೇಲೆ ನೆಟ್ಟಗೆ ಎರಡು ಹಳಿ.

“ಅತ್ತೆ, ಹೋಗುವ” ಎಂದಳು ಲೋಲಾಕ್ಷಿ, ಅವಳ ಮುಖ ನೋಡಿ ಹೆದರಿ.

“ಎಲ್ಲಿಗೆ ಹೋಗುವುದು? ನಾಯಿಗೆ ಜಾಗ ಉಂಟಂತೆ, ನಮಗಿಲ್ಲವಂತೆ. ಸಾಲಿಗೆ ನಿಲ್ಲು.”

ಒಂದೂವರೆ ಗಂಟೆ ನಿಂತರು. ಸರದಿ ಬಂದಾಗ ಹಿಡಿಯ ಹತ್ತಿರ ಇದ್ದ ಮನುಷ್ಯ, “ಈಚೆ ತಿರುಗಿಸಿದರೆ ಓಡ್ತದೆ, ಆಚೆ ತಿರುಗಿಸಿದರೆ ನಿಲ್ತದೆ. ಹೆದರಬೇಡಿ” ಎಂದ. ಹೆದರಿಕೆಯಂತೆ! ಸೇಸಮ್ಮ ಹಿಡಿ ತಿರುಗಿಸಿದಳು. ರೈಲು ಮಂಗಳೂರು ಬಿಟ್ಟಿತು, ಸಂಕ ದಾಟಿತು, ಕಟ್ಟೆ ದಾಟಿತು. ಪಲ್ಕೆಯ ನಡುಮಧ್ಯಕ್ಕೆ ಬಂದದ್ದೇ ತಡ, ಹಿಡಿಯನ್ನು ಆಚೆ ತಿರುಗಿಸಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಇದ್ದದ್ದು ಒಂದೇ ದಾರಿ. ಹಿಂದಿನ ರೈಲು ನಿಲ್ಲಬೇಕಾಯಿತು, ಅದರ ಹಿಂದಿನದೂ ನಿಂತಿತು, ನಾಲ್ಕನೆಯದು ಮಂಗಳೂರು ಬಿಡಲೇ ಇಲ್ಲ. ಚಪ್ಪರದಲ್ಲಿ ಗಲಾಟೆ ಎದ್ದಿತು. “ಅಮ್ಮ, ಮುಂದೆ ಬಿಡಿ.” “ಓ ಅಜ್ಜಿ, ನಿಮ್ಮ ಸುತ್ತು ಮುಗಿಯಲಿ ಮಾರಾಯ್ರೆ.” “ಯಾರ ಮನೆಯ ಹೆಂಗಸು ಇದು?”

“ಹಾ, ಅದನ್ನೇ ಕೇಳಿ!” ಸೇಸಮ್ಮನ ಸ್ವರ ಚಪ್ಪರದ ಆ ತುದಿಗೆ ಮುಟ್ಟಿತು. “ಯಾರ ಮನೆ ಅಂತ ಕೇಳಿ. ಈ ರೈಲು ನಿಂತದ್ದು ನನ್ನ ಒಲೆಯ ಮೇಲೆ. ಇಲ್ಲಿ ಮನೆ ಇಡುವವರೆಗೆ ಇದು ಹಂದುವುದಿಲ್ಲ.”

ಒಳಗಿನಿಂದ ಎಂಜಿನಿಯರರು ಬಂದರು. ಕನ್ನಡಕ ಹಾಕಿದ, ಮೆತ್ತಗೆ ಮಾತಾಡುವ ಮನುಷ್ಯ. ನಕ್ಷೆ ಬಿಡಿಸಿ ನೋಡಿ, “ಕಾಗದದಲ್ಲಿ ಇದ್ದದ್ದನ್ನೆಲ್ಲ ಮಾಡಿದ್ದೇವೆ ಅಮ್ಮ. ಇಲ್ಲಿ ಪಾಳು ಗೋಡೆ ಅಂತ ಇದೆ” ಎಂದರು.

“ಹಾಗಾದರೆ ನಾನು ನಾಲ್ಕು ಹೆತ್ತದ್ದು ಎಲ್ಲಿ ಸ್ವಾಮಿ? ನಿಮ್ಮ ಕಾಗದದ ಮೇಲೆಯಾ?” ಮನೆಯಲ್ಲಿ ಆಡುವ ತುಳು ಬಿಟ್ಟು ಕಚೇರಿಯ ಕನ್ನಡದಲ್ಲಿ ಒಂದೊಂದೇ ಶಬ್ದ ಆರಿಸಿ ಆರಿಸಿ ಹೇಳಿದಳು. “ಮಾಡು ಬಿಚ್ಚಿದ ದಿನ ಬಂದು ನೋಡಿ ಹೋದರು. ನೀವು ಸ್ನಾನಕ್ಕೆ ಅಂಗಿ ಬಿಚ್ಚಿದಾಗ ನೋಡಿದವರು, ಈ ಜನಕ್ಕೆ ಅಂಗಿಯೇ ಇಲ್ಲ ಅಂತ ಬರೆದರೆ ಆದೀತಾ?”

ಜನ ಹೋ ಎಂದು ನಕ್ಕರು. ಎಂಜಿನಿಯರರೂ ನಕ್ಕರು. ಸೇಸಮ್ಮ ನಗಲಿಲ್ಲ. ಅವರು ಪುಸ್ತಕದಲ್ಲಿ ಹೆಸರು ಗುರುತು ಹಾಕಿಕೊಂಡು, “ಎಂಟು ದಿನದೊಳಗೆ ನಾನೇ ಬಂದು ನೋಡ್ತೇನೆ” ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದಲ್ಲಿದ್ದ ಗುಮಾಸ್ತ ಸುಮ್ಮನಿರಬೇಕಲ್ಲ. “ನೀವು ಹೋಗುವಷ್ಟರಲ್ಲಿ ಹಾಳು ಗೋಡೆಗೆ ಹೊಸ ಹುಲ್ಲು ಹಾಕಿ, ಇದೇ ಮನೆ ಅಂತ ತೋರಿಸ್ತಾರೆ ಸಾರ್. ಎಲ್ಲ ಕಡೆ ಇದೇ ಆಟ” ಎಂದ.

ಸೇಸಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಿಡಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಅವಳು ಏನೂ ಅನ್ನದೆ ಹೊರಟದ್ದು ನೋಡಿ ಲೋಲಾಕ್ಷಿಗೆ ನಿಜವಾದ ಹೆದರಿಕೆ ಶುರುವಾಯಿತು.

ಮರುದಿನ ಬೆಳಿಗ್ಗೆ ಮಾಡು ಬಿಚ್ಚಿದರು. ಹಳೆಯ ಹುಲ್ಲು ಇಳಿಯಿತು, ಬಿದಿರು ಬದಲಾಯಿತು. ಲೋಕಯ್ಯ ಹೊಸ ಹುಲ್ಲಿನ ಕಟ್ಟಿಗೆ ಕೈ ಹಾಕಿದಾಗ ಸೇಸಮ್ಮ, “ಇಡಿ ಅದನ್ನು ಕೆಳಗೆ” ಎಂದಳು.

“ಎಂತಕ್ಕೆ?”

“ಅವರು ಹೋದ ವರ್ಷ ನೋಡಿದ್ದು ಈ ಬೋಳು ಗೋಡೆ. ಈ ವರ್ಷವೂ ಇದೇ ಬೋಳು ಗೋಡೆ ನೋಡಲಿ. ಒಳಗೆ ನಾವು ಇರುವ.”

“ಮಂಡೆ ಸಮ ಉಂಟಾ ನಿನಗೆ? ಈ ಬಿಸಿಲಿಗೆ!”

“ನಾಳೆ ಹೊಸ ಹುಲ್ಲು ಕಂಡರೆ, ನೋಡಿ ನಾನು ಹೇಳಲಿಲ್ಲವಾ ಅಂತಾನೆ ಆ ಅಧಿಕಪ್ರಸಂಗಿ ಗುಮಾಸ್ತ. ಅವನ ಬಾಯಿಗೆ ನಾನು ಯಾಕೆ ಸಕ್ಕರೆ ಹಾಕಲಿ?”

ಪಾತ್ರೆಗಳು ನೆರೆಮನೆಯಿಂದ ವಾಪಸು ಬಂದವು. ಬಾವಿಯ ಮಡಲು ತೆಗೆದರು. ಮಾಡಿಲ್ಲದ ಮನೆಯೊಳಗೆ ಒಲೆ ಉರಿಯಿತು, ಹೊಗೆ ನೇರ ಆಕಾಶಕ್ಕೆ ಹೋಯಿತು. ಲೋಕಯ್ಯ ಸ್ವಂತ ಮನೆಯೊಳಗೆ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಕೊಂಡು ಗಂಜಿ ಉಂಡ. ಲೋಲಾಕ್ಷಿ ಗೋಡೆಯ ನೆರಳು ಸರಿದ ಹಾಗೆ ಬೀಡಿ ಕಟ್ಟುವ ಗೆರಸೆ ಹಿಡಿದು ತಾನೂ ಸರಿಯುತ್ತಿದ್ದಳು. ಹೋಗುವವರು ಬರುವವರೆಲ್ಲ ನಿಂತು ನೋಡಿದರು, ಕೆಲವರು ನಕ್ಕರು. ನಗಲಿ, ಅವರ ಮನೆ ಕಾಗದದಲ್ಲಿತ್ತು.

ಆರನೆಯ ದಿನ ಮೋಡ ಕಟ್ಟಿ ಗುಡುಗಿತು. ಬಾವಾ ಓಡಿ ಬಂದ. “ಸೇಸಕ್ಕ, ನನ್ನ ಚಾವಡಿಗೆ ಬನ್ನಿ, ಒಂದು ಮಳೆ ಬಂದರೆ ಗೋಡೆ ಕರಗಿ ಹೋಗ್ತದೆ. ಆಮೇಲೆ ಅವರು ಬರೆದದ್ದೇ ಸತ್ಯ ಆಗ್ತದೆ.”

ಅದು ಅವಳಿಗೂ ಗೊತ್ತಿತ್ತು. ಆದರೂ, “ನಾನು ಹೊರಗೆ ಕಾಲಿಟ್ಟ ಗಳಿಗೆಗೇ ಅವರು ಬರ್ತಾರೆ ಬಾವಾ. ಒಂದು ಸಲ ಆದದ್ದು ಸಾಕು” ಎಂದಳು. ಮೋಡ ಆ ದಿನ ಹಾಗೇ ಚದುರಿತು.

ಏಳನೆಯ ದಿನ ಬೆಳ್ತಂಗಡಿಯಲ್ಲಿ ಅವಳ ಅಣ್ಣನ ಮಗಳ ಮದುವೆ. ಧಾರೆಗೆ ಸೋದರತ್ತೆ ಇಲ್ಲದಿದ್ದರೆ ಆಗುತ್ತದೆಯೇ? ಲೋಕಯ್ಯನೊಬ್ಬನನ್ನೇ ಕಳಿಸಿದಳು. ಹಾಳು ಗೋಡೆ ಕಾಯುವವಳಿಗೆ ತವರು ಯಾಕೆ ಎಂದು ಅಣ್ಣ ಹೇಳಿ ಕಳಿಸಿದ. ಹಾಳು ಗೋಡೆ! ಒಡಹುಟ್ಟಿದವನ ಬಾಯಲ್ಲೂ ಅದೇ ಮಾತು. ಅವತ್ತು ಸೇಸಮ್ಮ ಗೋಡೆಗೆ ಒರಗಿ ಅತ್ತಳು, ಸಿಟ್ಟಿಗೆ ಅತ್ತಳು.

ಎಂಟು ದಿನ ಕಳೆಯಿತು. ಯಾರೂ ಬರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ, ಮೂವರೂ ಗಂಜಿಗೆ ಕುಳಿತ ಹೊತ್ತು, ಹಿಂದಿನ ಗೋಡೆಯ ಮೇಲಿನಿಂದ ಒಂದು ತಲೆ ಇಣುಕಿತು. ಗುಮಾಸ್ತನದ್ದು.

“ಅಲ್ಲಿಂದ ಅಲ್ಲ” ಎಂದಳು ಸೇಸಮ್ಮ ಕೂತಲ್ಲಿಂದಲೇ. “ಮನೆಗೆ ಬಾಗಿಲು ಉಂಟು.”

ಎಂಜಿನಿಯರರು ಬಾಗಿಲಿನಿಂದ ಬಂದರು. ಹೊಸಿಲ ಹೊರಗೆ ಚಪ್ಪಲಿ ಬಿಟ್ಟರು. ಸುಟ್ಟು ಕಪ್ಪಾದ ಮೂರು ಮುಖ, ಉರಿಯುವ ಒಲೆ, ಮಸಿ ಹಿಡಿದ ಗೋಡೆ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಸೇಸಮ್ಮ ಚಾಪೆ ಹಾಕಿದಳು. ಮನೆಗೆ ಬಂದವರಿಗೆ ಕೊಡುವಂತೆ ಬೆಲ್ಲ ಮತ್ತು ಬಾವಿಯ ನೀರು ತಂದಿಟ್ಟಳು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿಯುವವರೆಗೆ ಕಾದಳು.

“ಆಯಿತಾ? ಹಾಳು ಗೋಡೆಯಲ್ಲಿ ಬೆಲ್ಲ ನೀರು ಕೊಡುವವರು ಯಾರೂ ಇಲ್ಲ ಸ್ವಾಮಿ. ಇನ್ನು ಬರೆಯಿರಿ.”

ಅವರು ಅಲ್ಲಿಯೇ ಕುಳಿತು ಬರೆದು, ರುಜು ಹಾಕಿ, ಒಂದು ಪ್ರತಿ ಹರಿದು ಕೊಟ್ಟರು. ಸೇಸಮ್ಮ ಅದನ್ನು ಲೋಲಾಕ್ಷಿಗೆ ದಾಟಿಸಿದಳು. ಐದನೆಯ ಕ್ಲಾಸು ಓದಿದ ಲೋಲಾಕ್ಷಿ ಗಟ್ಟಿಯಾಗಿ ಓದಿದಳು: “ವಾಸದ ಮನೆ ಒಂದು. ನೀರಿರುವ ಬಾವಿ ಒಂದು.”

“ಇನ್ನೊಂದು ಸಲ ಓದು. ಅವನಿಗೂ ಕೇಳಲಿ.”

ಲೋಲಾಕ್ಷಿ ಇನ್ನೊಂದು ಸಲ ಓದಿದಳು. ಗುಮಾಸ್ತ ಬಾವಿಯ ಕಡೆ ನೋಡುತ್ತ ನಿಂತಿದ್ದ.

ಏಳುವಾಗ ಎಂಜಿನಿಯರರು ಮೇಲೆ ಉರಿಯುವ ಸೂರ್ಯನನ್ನು ನೋಡಿ, “ಇಷ್ಟು ಬರೆಸಲಿಕ್ಕೆ ಒಂಬತ್ತು ದಿನ ಈ ಬಿಸಿಲಲ್ಲಿ ಕೂತಿರಾ ಅಮ್ಮ?” ಎಂದರು.

“ನಿಮ್ಮವರು ಒಂದು ಗಳಿಗೆ ನಿಂತು ಒಲೆ ಮುಟ್ಟಿ ನೋಡಿದ್ದರೆ ನಾನು ಕೂರಬೇಕಿರಲಿಲ್ಲ” ಎಂದಳು ಸೇಸಮ್ಮ. ಆಮೇಲೆ ಅವರ ಕಡೆ ನೋಡಲಿಲ್ಲ. ಗಂಡನ ಕಡೆ ತಿರುಗಿ, “ಕೇಳಿತಲ್ಲ? ಹುಲ್ಲು ಕೊಡಿ” ಎಂದು ಏಣಿ ಹತ್ತಿದಳು.